ಯಾವ ನಷ್ಟದಿಂದ ಏನು ಕಲಿಯಬೇಕು?

2024ರ ಜೂನ್ 3, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಷೇರುಪೇಟೆ ತೆರೆದದ್ದೇ ತಡ, ದೇಶದ ಲಕ್ಷಾಂತರ ಮೊಬೈಲ್ ಪರದೆಗಳು ಹಸಿರಾದವು. ಲೋಕಸಭಾ ಚುನಾವಣೆಯ ಫಲಿತಾಂಶ ಹೀಗೇ ಇರುತ್ತದೆ ಎಂದು ಶನಿವಾರ ಸಂಜೆಯ ಎಕ್ಸಿಟ್ ಪೋಲ್‌ಗಳು ಹೇಳಿಬಿಟ್ಟಿದ್ದವು. ಕಾಲೇಜು ಹಾಸ್ಟೆಲಿನಲ್ಲಿ, ಮೆಟ್ರೊ ಬೋಗಿಯಲ್ಲಿ, ಗಿರಾಕಿಯಿಲ್ಲದ ಹೊತ್ತಿನ ಅಂಗಡಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಕಣ್ಣು ಕೀಳದೆ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ನಿಫ್ಟಿ ಸೂಚ್ಯಂಕ ಶೇ 3.25ರಷ್ಟು ಏರಿ 23,263ರಲ್ಲಿ ನಿಂತಿತು. ಅದು ಅಲ್ಲಿಯವರೆಗೆ ಮುಟ್ಟಿರದ ಎತ್ತರ. ಏರುತ್ತಿರುವುದನ್ನೇ ಕೊಳ್ಳಬೇಕು ಎಂಬ ನಿಯಮವನ್ನು ನೆಚ್ಚಿದವರು ಅಂದು ಕೊಂಡರು.

ಮರುದಿನ ಮತ ಎಣಿಕೆ. ಎಣಿಕೆ ಮುಂದುವರಿದಂತೆ ಎಕ್ಸಿಟ್ ಪೋಲ್‌ಗಳ ಲೆಕ್ಕ ತಲೆಕೆಳಗಾಯಿತು. ನಿಫ್ಟಿ ಶೇ 5.93ರಷ್ಟು ಕುಸಿದು 21,884ಕ್ಕೆ ಬಂತು. ನಾಲ್ಕು ವರ್ಷಗಳಲ್ಲಿ ಒಂದೇ ದಿನ ಅಷ್ಟು ಬಿದ್ದದ್ದಿರಲಿಲ್ಲ. ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಾಟವಾಗಲಿ ಎಂದು ಮೊದಲೇ ಕೊಡುವ ಆದೇಶ ಸ್ಟಾಪ್‌ಲಾಸ್; ಅದನ್ನು ಹಾಕಿಟ್ಟವರ ಷೇರುಗಳು ನಷ್ಟದಲ್ಲೇ ಮಾರಾಟವಾದವು. ಅದೇ ಶುಕ್ರವಾರ, ಜೂನ್ 7ರಂದು, ನಿಫ್ಟಿ 23,290ಕ್ಕೆ ಏರಿ ಸೋಮವಾರದ ಮಟ್ಟವನ್ನೂ ದಾಟಿತು.

ಸೋಮವಾರ ಕೊಂಡು ಮಂಗಳವಾರ ಕಳೆದುಕೊಂಡವರ ಮನಸ್ಸಿನಲ್ಲಿ ಆ ವಾರಾಂತ್ಯ ಏನು ಓಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ಸ್ಟಾಪ್‌ಲಾಸ್ ಹಾಕದೇ ಇದ್ದಿದ್ದರೆ ಮೂರೇ ದಿನದಲ್ಲಿ ದುಡ್ಡು ವಾಪಸ್ಸು ಬರುತ್ತಿತ್ತು, ಇನ್ನು ಮುಂದೆ ಹಾಕಬಾರದು ಎಂದು ಒಬ್ಬರಿಗೆ ಅನಿಸುತ್ತದೆ. ದಾಖಲೆ ಎತ್ತರದಲ್ಲಿ ಕೊಳ್ಳುವುದೇ ಹುಚ್ಚುತನ ಎಂದು ಇನ್ನೊಬ್ಬರು ತೀರ್ಮಾನಿಸುತ್ತಾರೆ. ಚುನಾವಣೆ, ಬಜೆಟ್ ಬಂದರೆ ಪೇಟೆ ಕಡೆ ತಲೆಹಾಕಬಾರದು ಎಂದು ಮತ್ತೊಬ್ಬರು ಹೇಳಿಕೊಳ್ಳುತ್ತಾರೆ. ಮೂರೂ ಕೇಳಲು ಸರಿಯೆನಿಸುತ್ತವೆ, ಮೂರೂ ಒಂದೇ ಒಂದು ನಷ್ಟದಿಂದ ಎತ್ತಿಕೊಂಡ ಪಾಠಗಳು.

ನಷ್ಟದಿಂದ ಪಾಠ ಕಲಿಯಿರಿ ಎಂಬ ಉಪದೇಶವನ್ನು ಷೇರು ವ್ಯವಹಾರಕ್ಕೆ ಕೈಹಾಕಿದ ಎಲ್ಲರೂ ಕೇಳಿರುತ್ತಾರೆ. ಯಾವ ನಷ್ಟದಿಂದ, ಎಷ್ಟು ನಷ್ಟಗಳಾದ ಮೇಲೆ, ಯಾವ ಪಾಠ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಟ್ರೆಂಡ್ ಹಿಂಬಾಲಿಸುವ ಪದ್ಧತಿಯಲ್ಲಂತೂ ಇದು ಬಹಳ ಮುಖ್ಯ. ಈ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿದವರೂ ಗೆಲ್ಲುವುದಕ್ಕಿಂತ ಹೆಚ್ಚು ಸಲ ಸೋಲುತ್ತಾರೆ.

ಏರಿದ್ದನ್ನು ಕೊಳ್ಳುವ ಕ್ರಮ

ಅಗ್ಗವಾಗಿದ್ದಾಗ ಕೊಂಡು ದುಬಾರಿಯಾದಾಗ ಮಾರುವುದು ಎಲ್ಲರಿಗೂ ಗೊತ್ತಿರುವ ವ್ಯಾಪಾರ. ಟ್ರೆಂಡ್ ಹಿಂಬಾಲಿಸುವವರು ಆಗಲೇ ಏರಿದ್ದನ್ನು ಕೊಳ್ಳುತ್ತಾರೆ, ಇನ್ನೂ ಏರುತ್ತದೆ ಎಂಬ ಭರವಸೆಯ ಮೇಲೆ. ಇಳಿಯತೊಡಗಿದರೆ ಮಾರುತ್ತಾರೆ. ಕಂಪನಿಯ ಲಾಭ-ನಷ್ಟದ ತಃಖ್ತೆ, ಪತ್ರಿಕೆಯ ಸುದ್ದಿ, ಪರಿಣತರ ಭವಿಷ್ಯ ಇವೆಲ್ಲ ಅವರಿಗೆ ಎರಡನೆಯ ಮಾತು. ಬೆಲೆ ಎತ್ತ ಹೊರಟಿದೆ ಎಂಬುದಷ್ಟೇ ಮೊದಲನೆಯದು.

ಈ ಕ್ರಮಕ್ಕೆ ಲಿಖಿತ ನಿಯಮಗಳ ರೂಪ ಕೊಟ್ಟವರಲ್ಲಿ ಅಮೆರಿಕದ ರಿಚರ್ಡ್ ಡಾಂಚಿಯನ್ ಮೊದಲಿಗರು. 1929ರ ಮಹಾಕುಸಿತದಲ್ಲಿ ಕೈ ಸುಟ್ಟುಕೊಂಡ ಮೇಲೆ ಅವರು ಬೆಲೆಯ ಚಲನೆಯನ್ನೇ ಅಭ್ಯಾಸ ಮಾಡತೊಡಗಿದರು. 1949ರಲ್ಲಿ ಸಾರ್ವಜನಿಕರ ಹಣದಿಂದ ಸರಕುಪೇಟೆಯ ನಿಧಿಯೊಂದನ್ನು ಕಟ್ಟಿದರು. ಅವರ ಹೆಸರಿನಲ್ಲಿ ಉಳಿದಿರುವ ನಾಲ್ಕು ವಾರದ ನಿಯಮ ತುಂಬ ಸರಳ: ಹಿಂದಿನ ನಾಲ್ಕು ವಾರಗಳ ಗರಿಷ್ಠ ಬೆಲೆಯನ್ನು ದಾಟಿದರೆ ಕೊಳ್ಳು, ನಾಲ್ಕು ವಾರಗಳ ಕನಿಷ್ಠ ಬೆಲೆಗಿಂತ ಕೆಳಗಿಳಿದರೆ ಮಾರು.

ಹಳೆಯ ಗರಿಷ್ಠ ಬೆಲೆ ದಾಟಿದಾಗ ಕೊಳ್ಳಿ ಎನ್ನುವ, ಇಂದು ಯೂಟ್ಯೂಬಿನಲ್ಲಿ ಕಾಣುವ ಬ್ರೇಕ್‌ಔಟ್ ಪಾಠಗಳು, 50 ಅಥವಾ 200 ದಿನಗಳ ಸರಾಸರಿ ಗೆರೆಯ ಮೇಲಿದ್ದರೆ ಮಾತ್ರ ಷೇರು ಇಟ್ಟುಕೊಳ್ಳುವ ಪದ್ಧತಿ, 52 ವಾರಗಳ ಗರಿಷ್ಠ ಮಟ್ಟದ ಪಟ್ಟಿಯಿಂದ ಆರಿಸುವ ಪದ್ಧತಿ, ಎಲ್ಲವೂ ಇದೇ ಮನೆತನದವು. ಒಳಗೆ ಹೋಗಲು ಒಂದು ನಿಯಮ, ಹೊರಬರಲು ಒಂದು ನಿಯಮ, ಎಷ್ಟು ಹಣ ಹಾಕಬೇಕೆಂಬುದಕ್ಕೆ ಒಂದು ನಿಯಮ. ಮೂರನೆಯದನ್ನು ಜನ ಹೆಚ್ಚಾಗಿ ಮರೆಯುತ್ತಾರೆ. ಖಾತೆ ಬರಿದಾಗುವುದು ಸಾಮಾನ್ಯವಾಗಿ ಅಲ್ಲಿಯೇ.

ಇಪ್ಪತ್ತರಲ್ಲಿ ಹದಿಮೂರು ಸೋಲು

ಒಂದು ಲೆಕ್ಕ ಹಾಕಿ ನೋಡೋಣ. ಐದು ಲಕ್ಷ ರೂಪಾಯಿ ಬಂಡವಾಳ. ಒಂದು ವ್ಯವಹಾರ ತಪ್ಪಾದರೆ ಬಂಡವಾಳದ ಶೇ 1ರಷ್ಟು, ಅಂದರೆ 5,000 ರೂಪಾಯಿ ಮಾತ್ರ ಹೋಗಬೇಕೆಂಬ ಕಟ್ಟುಪಾಡು. ವರ್ಷದಲ್ಲಿ 20 ವ್ಯವಹಾರ ನಡೆದವು, 13ರಲ್ಲಿ ಸ್ಟಾಪ್‌ಲಾಸ್ ಹಿಟ್ ಆಯಿತು. ಹೋದದ್ದು 65,000. ಗೆದ್ದ ಏಳರಲ್ಲಿ ನಾಲ್ಕು ತಲಾ 6,000 ಕೊಟ್ಟವು, ಎರಡು ತಲಾ 20,000, ಒಂದು ಷೇರು ಮಾತ್ರ ತಿಂಗಳುಗಟ್ಟಲೆ ಏರಿ 60,000 ಕೊಟ್ಟಿತು. ಬಂದದ್ದು ಒಟ್ಟು 1,24,000. ದಲ್ಲಾಳಿ ಶುಲ್ಕ, ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಉಳಿದದ್ದು 59,000 ರೂಪಾಯಿ.

ಈಗ ಆ 60,000ದ ಒಂದು ವ್ಯವಹಾರವನ್ನು ಪಟ್ಟಿಯಿಂದ ತೆಗೆದುಹಾಕಿ. ಇಡೀ ವರ್ಷದ ದುಡಿಮೆ 1,000 ರೂಪಾಯಿ ನಷ್ಟಕ್ಕೆ ಬಂದು ನಿಲ್ಲುತ್ತದೆ.

ಟ್ರೆಂಡ್ ಪದ್ಧತಿಯ ಸ್ವಭಾವವೆಲ್ಲ ಈ ಪಟ್ಟಿಯಲ್ಲಿದೆ. ಹೊಸ ಎತ್ತರ ಮುಟ್ಟಿದ ಷೇರುಗಳಲ್ಲಿ ಬಹುಪಾಲು ಮುಂದೆ ಹೋಗದೆ ಹಿಂದಿರುಗುತ್ತವೆ. ಕೆಲವೇ ಕೆಲವು ದೂರ ಸಾಗುತ್ತವೆ. ಯಾವುದು ಸಾಗುತ್ತದೆಂದು ಮೊದಲೇ ತಿಳಿಯುವ ದಾರಿಯಿಲ್ಲ, ಆದ್ದರಿಂದ ಎಲ್ಲವನ್ನೂ ಸಣ್ಣ ಮೊತ್ತದಲ್ಲಿ ಹಿಡಿದು, ತಿರುಗಿದ್ದನ್ನು ಕೂಡಲೇ ಬಿಟ್ಟು, ಸಾಗಿದ್ದನ್ನು ಕೊನೆಯವರೆಗೆ ಇಟ್ಟುಕೊಳ್ಳಬೇಕಾಗುತ್ತದೆ. ಆ ಹದಿಮೂರು ನಷ್ಟಗಳು ಅಂಗಡಿಯ ಬಾಡಿಗೆ ಇದ್ದಂತೆ. ವ್ಯಾಪಾರವಾಗದ ತಿಂಗಳೂ ಕಟ್ಟಬೇಕು.

ಹೀಗೆ ಕಟ್ಟಿದವರಿಗೆ ಏನು ಸಿಗುತ್ತದೆ? 2020ರ ಜನವರಿ 14ರಂದು ನಿಫ್ಟಿ 12,362ರಲ್ಲಿತ್ತು. ಫೆಬ್ರುವರಿ ಮುಗಿಯುವ ಹೊತ್ತಿಗೆ, 28ರಂದು, 11,201ಕ್ಕೆ ಇಳಿದು ದೀರ್ಘಾವಧಿಯ ಸರಾಸರಿ ಗೆರೆಗಳನ್ನು ಮುರಿದಿತ್ತು. ನಿಯಮ ಪಾಲಿಸಿದವರು ಅಷ್ಟರಲ್ಲಿ ಬೇಸರದಿಂದಲೇ ಮಾರಿ ಹೊರಬಂದಿದ್ದರು. ಮಾರ್ಚ್ 23ರಂದು ಒಂದೇ ದಿನ ಸುಮಾರು ಶೇ 13 ಕುಸಿದ ನಿಫ್ಟಿ 7,610ಕ್ಕೆ ತಲುಪಿದಾಗ ಅವರ ಹಣ ಬ್ಯಾಂಕಿನಲ್ಲಿತ್ತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಇದೇ ನಿಯಮ ಅವರನ್ನು ಎಷ್ಟೋ ಸಲ ಸುಮ್ಮಸುಮ್ಮನೆ ಹೊರಗೆ ಕಳಿಸಿತ್ತೆಂಬುದೂ ಅಷ್ಟೇ ನಿಜ.

ನೃತ್ಯಗಾರನ ತಪ್ಪುಗಳ ಪಟ್ಟಿ

ನಷ್ಟದಿಂದ ಕಲಿಯುವುದು ಹೇಗೆಂದು ತೋರಿಸಲು ನಿಕೊಲಾಸ್ ಡಾರ್ವಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಂಗೆರಿಯಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶ ಬಿಟ್ಟು ಓಡಿದ ಡಾರ್ವಸ್ ವೃತ್ತಿಯಲ್ಲಿ ನೃತ್ಯಗಾರ. 1952ರಲ್ಲಿ ಕೆನಡಾದ ಟೊರಾಂಟೊ ನಗರದ ನೈಟ್‌ಕ್ಲಬ್ ಮಾಲೀಕರು ಪ್ರದರ್ಶನದ ಸಂಭಾವನೆಯಾಗಿ ಬ್ರಿಲುಂಡ್ ಎಂಬ ಗಣಿ ಕಂಪನಿಯ ಷೇರು ಕೊಡುತ್ತೇವೆಂದರು. ಪ್ರದರ್ಶನ ಕೊಡಲಾಗಲಿಲ್ಲ, ಆದರೆ ಮಾತಿಗೆ ಕಟ್ಟುಬಿದ್ದು ಡಾರ್ವಸ್ 3,000 ಡಾಲರ್‌ಗೆ ಷೇರು ಕೊಂಡರು. ಎರಡು ತಿಂಗಳ ನಂತರ ನೋಡಿದರೆ ಬೆಲೆ ಮೂರು ಪಟ್ಟಿಗಿಂತ ಹೆಚ್ಚಾಗಿತ್ತು.

ಮೊದಲ ಗೆಲುವು ಅವರನ್ನು ಪೇಟೆಗೆ ಎಳೆದು ತಂದಿತು. ಬಂದವರು ಸೋಲುತ್ತ ಹೋದರು. ಕೆನಡಾದ ಪುಡಿಗಾಸಿನ ಷೇರುಗಳಲ್ಲಿ ಯಾರು ಯಾರದೋ ಟಿಪ್ಸ್ ನಂಬಿ ಕಳೆದುಕೊಂಡರು. ಆಮೇಲೆ ನ್ಯೂಯಾರ್ಕ್ ಪೇಟೆಗೆ ಬಂದು ಕಂಪನಿಗಳ ಲೆಕ್ಕಪತ್ರ ಓದಿದರು, ಉದ್ಯಮಗಳನ್ನು ಹೋಲಿಸಿದರು, ಜೋನ್ಸ್ ಅಂಡ್ ಲಾಫ್ಲಿನ್ ಎಂಬ ಉಕ್ಕಿನ ಕಂಪನಿಯೇ ಎಲ್ಲಕ್ಕಿಂತ ಗಟ್ಟಿ ಎಂಬ ತೀರ್ಮಾನಕ್ಕೆ ಬಂದರು. ಇದ್ದುದೆಲ್ಲವನ್ನೂ, ಸಾಲವನ್ನೂ ಸೇರಿಸಿ ಅದರಲ್ಲಿ ಹಾಕಿದರು. ಬೆಲೆ ಇಳಿಯುತ್ತಲೇ ಹೋಗಿ ಕೊನೆಗೆ ಸುಮಾರು 9,000 ಡಾಲರ್ ನಷ್ಟಕ್ಕೆ ಮಾರಬೇಕಾಯಿತು.

ದಿಕ್ಕು ತೋಚದೆ ಬೆಲೆಪಟ್ಟಿ ನೋಡುತ್ತಿದ್ದಾಗ ಟೆಕ್ಸಸ್ ಗಲ್ಫ್ ಪ್ರೊಡ್ಯೂಸಿಂಗ್ ಎಂಬ ಷೇರು ದಿನದಿನವೂ ಏರುತ್ತಿರುವುದು ಅವರ ಕಣ್ಣಿಗೆ ಬಿತ್ತು. ಆ ಕಂಪನಿಯ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಏರುತ್ತಿದೆ ಎಂಬ ಒಂದೇ ಕಾರಣಕ್ಕೆ ಕೊಂಡರು, ಕಳೆದುಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮರಳಿ ಪಡೆದರು. ಬೆಲೆಯ ದಾರಿಯನ್ನೇ ನೋಡಬೇಕೆಂಬ ಅವರ ಪದ್ಧತಿ ಹುಟ್ಟಿದ್ದು ಹೀಗೆ.

ಆದರೆ ನನಗೆ ಅದಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಆಮೇಲಿನ ಕೆಲಸ. ಡಾರ್ವಸ್ ತಮ್ಮ ಸೋಲುಗಳಿಗಾಗಿ ಒಂದು ಕೋಷ್ಟಕ ಬರೆದಿಡತೊಡಗಿದರು. ಷೇರಿನ ಹೆಸರು, ಕೊಂಡ ಬೆಲೆ, ಮಾರಿದ ಬೆಲೆ, ಕೊನೆಯ ಅಂಕಣದಲ್ಲಿ ತಪ್ಪಿನ ಕಾರಣ. ತಡವಾಗಿ ಕೊಂಡದ್ದು, ಸ್ಟಾಪ್‌ಲಾಸನ್ನು ತೀರ ಹತ್ತಿರ ಇಟ್ಟದ್ದು, ಹೀಗೆ. ಸಾಲುಗಳು ಕೂಡಿದ ಮೇಲೆ ಮರುಕಳಿಸುವ ಕಾರಣ ಯಾವುದೆಂದು ಕಾಣುತ್ತಿತ್ತು. ನಿಯಮವನ್ನು ಅವರು ತಿದ್ದಿದ್ದು ಆ ಪಟ್ಟಿ ನೋಡಿ.

1957ರ ಕೊನೆಯಲ್ಲಿ ಅವರು ಏಷ್ಯಾದ ಊರೂರುಗಳಲ್ಲಿ ಪ್ರದರ್ಶನ ಕೊಡುತ್ತಿದ್ದರು. ಬ್ರೋಕರ್ ಜತೆ ಮಾತೆಲ್ಲ ಟೆಲಿಗ್ರಾಂ ಮೂಲಕ. ಲೊರಿಲಾರ್ಡ್ ಎಂಬ ಸಿಗರೇಟು ಕಂಪನಿಯ ಷೇರನ್ನು 27.50 ಡಾಲರ್‌ಗೆ ಕೊಂಡು 26ಕ್ಕೆ ಸ್ಟಾಪ್‌ಲಾಸ್ ಇಟ್ಟರು. ಬೆಲೆ ಸರಿಯಾಗಿ 26ಕ್ಕೆ ಇಳಿದು, ಅವರ ಷೇರು ಮಾರಾಟವಾಗಿ, ಅಲ್ಲಿಂದ ಮತ್ತೆ ಏರತೊಡಗಿತು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಉರಿಯುತ್ತದೆ. ಆ ಷೇರಿನ ಹೆಸರನ್ನೂ ಕೇಳಬಾರದು ಅನಿಸುತ್ತದೆ. ಡಾರ್ವಸ್ 28.75ಕ್ಕೆ, ಮೊದಲಿಗಿಂತ ಹೆಚ್ಚಿನ ಬೆಲೆ ಕೊಟ್ಟು ಮತ್ತೆ ಕೊಂಡರು. ಆಮೇಲೆ ಇನ್ನಷ್ಟು ಸೇರಿಸಿದರು. ಮುಂದಿನ ಮೇ ತಿಂಗಳಲ್ಲಿ ಮಾರಿದಾಗ ಬೆಲೆ 57 ದಾಟಿತ್ತು.

ಅವರ ಕಥೆಯನ್ನು ಪುರಾಣ ಮಾಡಬೇಕಿಲ್ಲ. 1960ರಲ್ಲಿ ಬಂದ ಅವರ ಪುಸ್ತಕದ ಶೀರ್ಷಿಕೆಯಲ್ಲೇ 20 ಲಕ್ಷ ಡಾಲರ್ ಗಳಿಕೆಯ ಮಾತಿತ್ತು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಆ ಲೆಕ್ಕವನ್ನು ಪ್ರಶ್ನಿಸಿತು. ಪುಸ್ತಕದಲ್ಲಿಯೇ ಅವರು ತಮ್ಮ ಎರಡನೆಯ ಸುತ್ತಿನ ಪತನವನ್ನೂ ಬರೆದಿದ್ದಾರೆ. ಪ್ರವಾಸ ಮುಗಿಸಿ ನ್ಯೂಯಾರ್ಕಿಗೆ ಬಂದು, ಬ್ರೋಕರ್ ಕಚೇರಿಯಲ್ಲೇ ಕುಳಿತು, ಅಕ್ಕಪಕ್ಕದವರ ಮಾತು ಕೇಳುತ್ತ ವ್ಯವಹಾರ ಮಾಡಿ ಕೆಲವೇ ವಾರಗಳಲ್ಲಿ ಒಂದು ಲಕ್ಷ ಡಾಲರ್ ಕಳೆದುಕೊಂಡರು. ಪದ್ಧತಿ ಅದೇ ಇತ್ತು, ಕುಳಿತ ಜಾಗ ಬದಲಾಗಿತ್ತು. ಅದನ್ನು ಗುರುತಿಸಿ ಅವರು ಪ್ಯಾರಿಸ್‌ಗೆ ಹೋದರು. ಫೋನ್ ಮಾಡಬೇಡಿ, ಟೆಲಿಗ್ರಾಂ ಕಳಿಸಿದರೆ ಸಾಕು ಎಂದು ಬ್ರೋಕರ್‌ಗಳಿಗೆ ತಿಳಿಸಿದರು. ಟೆಲಿಗ್ರಾಂ ಆ್ಯಪ್‌ನ ಹತ್ತಾರು ಚಾನೆಲ್‌ಗಳ ಗದ್ದಲದ ನಡುವೆ ವ್ಯವಹರಿಸುವ ಇಂದಿನ ತರುಣರು ಈ ಭಾಗವನ್ನು ಎರಡು ಸಲ ಓದಬೇಕು.

ಆಮೆಗಳಿಗೆ ಹೇಳಿಕೊಟ್ಟದ್ದು

ಡಾರ್ವಸ್ ಒಬ್ಬಂಟಿಯಾಗಿ ಕಲಿತರು. ಕಲಿಸಿ ನೋಡಿದ ಪ್ರಯೋಗವೂ ಒಂದಿದೆ. ಷಿಕಾಗೊದ ರಿಚರ್ಡ್ ಡೆನಿಸ್ ಕೆಲವು ನೂರು ಡಾಲರ್‌ಗಳಿಂದ ಶುರುಮಾಡಿ ಕೋಟಿಗಟ್ಟಲೆ ಗಳಿಸಿದ್ದ ಸರಕುಪೇಟೆಯ ವ್ಯಾಪಾರಿ. ಈ ವಿದ್ಯೆಯನ್ನು ಯಾರಿಗೆ ಬೇಕಾದರೂ ಕಲಿಸಬಹುದು ಎಂಬುದು ಅವರ ವಾದ. ಆಗುವುದಿಲ್ಲ ಎಂಬುದು ಗೆಳೆಯ ವಿಲಿಯಂ ಎಕ್‌ಹಾರ್ಟ್ ವಾದ. 1983ರಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಆರಿಸಿದವರಿಗೆ ಎರಡು ವಾರ ಪಾಠ ಹೇಳಿ, ತಮ್ಮ ಹಣವನ್ನೇ ಕೊಟ್ಟು ವ್ಯವಹಾರಕ್ಕೆ ಬಿಟ್ಟರು. ಸಿಂಗಪುರದಲ್ಲಿ ಆಮೆಗಳನ್ನು ಸಾಕುವಂತೆ ಟ್ರೇಡರ್‌ಗಳನ್ನು ಬೆಳೆಸುತ್ತೇವೆ ಎಂದು ಡೆನಿಸ್ ಹೇಳಿದ್ದರಿಂದ ಆ ತಂಡಕ್ಕೆ ಟರ್ಟಲ್ಸ್ ಎಂಬ ಹೆಸರೇ ನಿಂತಿತು.

ಅವರ ನಿಯಮಗಳು ಈಗ ಎಲ್ಲರಿಗೂ ಲಭ್ಯ. 20 ದಿನಗಳ ಗರಿಷ್ಠ ಬೆಲೆ ದಾಟಿದರೆ ಕೊಳ್ಳುವುದು, 10 ದಿನಗಳ ಕನಿಷ್ಠ ಬೆಲೆ ಮುರಿದರೆ ಬಿಡುವುದು ಒಂದು ಪದ್ಧತಿ; 55 ದಿನ ಮತ್ತು 20 ದಿನಗಳ ಲೆಕ್ಕದ್ದು ಇನ್ನೊಂದು. ನಷ್ಟದ ವಿಷಯಕ್ಕೆ ಬಂದರೆ ಇದರಲ್ಲಿ ಎರಡು ನಿಯಮಗಳು ಬಹಳ ಯೋಚಿಸಿ ಮಾಡಿದಂಥವು.

ಒಂದನೆಯದು, 20 ದಿನಗಳ ಪದ್ಧತಿಯಲ್ಲಿ ಹಿಂದಿನ ಬ್ರೇಕ್‌ಔಟ್ ಗೆದ್ದಿದ್ದರೆ ಈ ಸಲದ್ದನ್ನು ಬಿಡಬೇಕು. ಹಿಂದಿನದು ಸೋತಿದ್ದರೆ ಈ ಸಲದ್ದನ್ನು ಹಿಡಿಯಲೇಬೇಕು. ಮನುಷ್ಯನ ಮನಸ್ಸು ಇದಕ್ಕೆ ಉಲ್ಟಾ ಓಡುತ್ತದೆ. ಗೆದ್ದ ಷೇರಿಗೆ ಮತ್ತೆ ಮತ್ತೆ ಹೋಗುತ್ತೇವೆ, ಸೋತದ್ದರ ಹತ್ತಿರ ಸುಳಿಯುವುದಿಲ್ಲ. ಸೋಲಿನ ನೋವು ನಿರ್ಧಾರ ಮಾಡದಂತೆ ಈ ನಿಯಮ ಮೊದಲೇ ಬಾಗಿಲು ಹಾಕಿಬಿಟ್ಟಿದೆ.

ಎರಡನೆಯದು, ಖಾತೆ ಶೇ 10 ಕರಗಿದರೆ, ಶೇ 20ರಷ್ಟು ಕರಗಿದೆ ಎಂದು ಭಾವಿಸಿ ಮುಂದಿನ ವ್ಯವಹಾರಗಳ ಗಾತ್ರವನ್ನು ಕಡಿಮೆ ಮಾಡಬೇಕು. ಸೋತವನು ದೊಡ್ಡದಾಗಿ ಹಾಕಿ ಒಂದೇ ಏಟಿಗೆ ವಾಪಸ್ಸು ತೆಗೆಯಲು ಹವಣಿಸುತ್ತಾನೆ. ಈ ನಿಯಮ ಅವನ ಕೈಯನ್ನು ಹಿಡಿದು ಸಣ್ಣದು ಮಾಡಿಸುತ್ತದೆ.

ಒಂದೇ ಪಾಠ, ಒಂದೇ ನಿಯಮವಿದ್ದರೂ ಶಿಷ್ಯರ ಫಲ ಒಂದೇ ಆಗಲಿಲ್ಲ. ಅವರಲ್ಲೊಬ್ಬರಾದ ಕರ್ಟಿಸ್ ಫೇತ್ ಬರೆದಿರುವ ಪ್ರಕಾರ, ಮೊದಲ ತಿಂಗಳಲ್ಲೇ ಹೀಟಿಂಗ್ ಆಯಿಲ್ ಬೆಲೆ ಜಿಗಿದಾಗ ಕೆಲವರು ನಿಯಮ ಹೇಳಿದಷ್ಟೂ ಕೊಂಡಿದ್ದರು, ಕೆಲವರು ಹಿಂಜರಿದು ಕಡಿಮೆ ಕೊಂಡಿದ್ದರು, ಕೆಲವರು ಕೊಂಡೇ ಇರಲಿಲ್ಲ. ಕೊಳ್ಳದೆ ತಪ್ಪಿಸಿಕೊಂಡ ಗೆಲುವು ಯಾವ ಬ್ರೋಕರ್ ಕಳಿಸುವ ಲೆಕ್ಕದಲ್ಲೂ ನಷ್ಟವೆಂದು ನಮೂದಾಗುವುದಿಲ್ಲ. ಹಿಂದಿನ 60,000 ರೂಪಾಯಿಯ ಲೆಕ್ಕ ನೆನೆದರೆ, ಇಡೀ ವರ್ಷದ ಅತಿ ದೊಡ್ಡ ನಷ್ಟ ಅದೇ ಆಗಿರಬಹುದು.

ಗುರುವೂ ಇದರಿಂದ ಹೊರತಾಗಿರಲಿಲ್ಲ. ಡೆನಿಸ್ ನಡೆಸುತ್ತಿದ್ದ ನಿಧಿಗಳು 1988ರ ಹೊತ್ತಿಗೆ ಭಾರೀ ನಷ್ಟ ಕಂಡು ಮುಚ್ಚಿದವು. ಅವರು ಕೆಲಕಾಲ ವ್ಯವಹಾರದಿಂದ ದೂರ ಸರಿದರು.

ಲಾಭದೊಳಗಿನ ತಪ್ಪು

ಇಷ್ಟಾದ ಮೇಲೆ ವಿಂಗಡಣೆ ಸುಲಭ. ನಿಯಮದಂತೆ ಕೊಂಡು, ನಿಯಮದಂತೆ ಮಾರಿ ಬಂದ ನಷ್ಟ ಒಂದು. ನಿಯಮ ಮುರಿದದ್ದರಿಂದ ಬಂದ ನಷ್ಟ ಇನ್ನೊಂದು. ಬ್ರೋಕರ್ ಆ್ಯಪ್‌ನಲ್ಲಿ ಎರಡೂ ಒಂದೇ ಕೆಂಪು ಬಣ್ಣದಲ್ಲಿ ಕಾಣುತ್ತವೆ, ಅದೇ ತೊಂದರೆ.

2024ರ ಜೂನ್ 4ರ ನಷ್ಟ, ಗಾತ್ರ ಸರಿಯಾಗಿದ್ದರೆ, ಮೊದಲನೆಯ ಬಗೆಯದು. ಅದರಿಂದ ಕಲಿಯಬೇಕಾದ್ದು ಏನೂ ಇಲ್ಲ. ಏನಾದರೂ ಕಲಿತೇ ತೀರುತ್ತೇನೆ ಎಂದು ಹಟ ಹಿಡಿದವರು ಕೆಟ್ಟ ಪಾಠವನ್ನೇ ಕಲಿಯುತ್ತಾರೆ. ಮಾಡಬೇಕಾದ್ದೊಂದೇ, ಜೂನ್ 7ರಂದು ನಿಯಮ ಮತ್ತೆ ಕೊಳ್ಳು ಎಂದರೆ ಕೊಳ್ಳುವುದು.

ಎರಡನೆಯ ಬಗೆಯ ನಷ್ಟದಿಂದ ಕಲಿಯಲು ಒಂದು ಸಲ ಸಾಕು. ಸ್ಟಾಪ್‌ಲಾಸ್ ಹತ್ತಿರ ಬಂದಾಗ ಇನ್ನೂ ಕೆಳಕ್ಕೆ ಸರಿಸಿದ್ದು, ಬೆಲೆ ಇಳಿದಾಗ ಇನ್ನಷ್ಟು ಕೊಂಡು ಆವರೇಜ್ ಮಾಡಿದ್ದು, ನಿಯಮಕ್ಕೆ ಕಾಯದೆ ಮೊದಲೇ ನುಗ್ಗಿದ್ದು, ಬೆಳಿಗ್ಗೆ ಕಳೆದುಕೊಂಡ ಸಿಟ್ಟಿನಲ್ಲಿ ಮಧ್ಯಾಹ್ನ ದುಪ್ಪಟ್ಟು ಹಾಕಿದ್ದು. ಇವಕ್ಕೆ ಇಪ್ಪತ್ತು ಸಾಲುಗಳ ಪಟ್ಟಿ ಬೇಕಿಲ್ಲ. ಅಂದೇ ಕುಳಿತು ಯಾಕೆ ಮುರಿದೆ ಎಂದು ಬರೆಯಬೇಕು.

ಎಲ್ಲಕ್ಕಿಂತ ಅಪಾಯದ್ದು ಮೂರನೆಯದು: ನಿಯಮ ಮುರಿದೂ ಬಂದ ಲಾಭ. ಸ್ಟಾಪ್‌ಲಾಸ್ ತೆಗೆದುಹಾಕಿ ಕಾದು ಕುಳಿತವರಿಗೆ ಆ ಜೂನ್ ತಿಂಗಳು ಹಣ ಮರಳಿ ಬಂತು. ಮುಂದಿನ ಸಲವೂ ಹಾಗೇ ಮಾಡುವ ಧೈರ್ಯವನ್ನೂ ತಂದಿತು. ವ್ಯವಹಾರಗಳನ್ನು ಬರೆದಿಡುವ ಡೈರಿಯಲ್ಲಿ ಇಂಥ ಲಾಭಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನಷ್ಟದ್ದನ್ನು ಕೂಡಲೇ ಬಿಟ್ಟು ಲಾಭದ್ದನ್ನು ಉಳಿಸಿಕೊಳ್ಳುವುದು ಸ್ವಭಾವಕ್ಕೆ ಎದುರಾದ ಕೆಲಸ ಎಂಬುದಕ್ಕೆ ಪುರಾವೆಯಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಟೆರೆನ್ಸ್ ಓಡಿಯನ್ 10,000 ಗ್ರಾಹಕ ಖಾತೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಲಾಭದಲ್ಲಿರುವ ಷೇರನ್ನು ಬೇಗ ಮಾರುತ್ತಾರೆ, ನಷ್ಟದಲ್ಲಿರುವುದನ್ನು ಹಿಡಿದುಕೊಳ್ಳುತ್ತಾರೆ ಎಂದು ಕಂಡುಬಂತು. ಮಾರಿದ ಲಾಭದ ಷೇರುಗಳು ಮುಂದಿನ ವರ್ಷ, ಉಳಿಸಿಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ ಶೇ 3.4ರಷ್ಟು ಹೆಚ್ಚು ಗಳಿಸಿದ್ದವು. ಟ್ರೆಂಡ್ ಪದ್ಧತಿ ಕೇಳುವುದು ಇದಕ್ಕೆ ಪೂರ್ತಿ ವಿರುದ್ಧವಾದ ನಡತೆಯನ್ನು.

ಸ್ಟಾಪ್‌ಲಾಸ್ ಕಾಪಾಡದ ದಿನ

ಸ್ಟಾಪ್‌ಲಾಸ್ ಹಾಕಿದರೆ ನಿಶ್ಚಿಂತೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2018ರ ಆಗಸ್ಟ್‌ನಲ್ಲಿ 400 ರೂಪಾಯಿಯ ಆಸುಪಾಸಿನಲ್ಲಿದ್ದ ಯೆಸ್ ಬ್ಯಾಂಕ್ ಷೇರು ಒಂದು ತಿಂಗಳಲ್ಲಿ 320ರ ಹತ್ತಿರಕ್ಕೆ ಇಳಿದಿತ್ತು. ಆಗ ಬ್ಯಾಂಕಿನ ಮುಖ್ಯಸ್ಥ ರಾಣಾ ಕಪೂರ್ ಅವರ ಅವಧಿಯನ್ನು ರಿಸರ್ವ್ ಬ್ಯಾಂಕ್ ಮೊಟಕುಗೊಳಿಸಿದ ಸುದ್ದಿ ಬಂತು. ಸೆಪ್ಟೆಂಬರ್ 21ರ ಒಂದೇ ದಿನ ಷೇರು ಸುಮಾರು ಶೇ 29 ಬಿತ್ತು. ಬೆಲೆ ಹೀಗೆ ನಡುವಿನ ಮಟ್ಟಗಳನ್ನು ಹಾರಿ ಬಿದ್ದಾಗ 300ಕ್ಕೆ ಇಟ್ಟ ಸ್ಟಾಪ್‌ಲಾಸ್ 300ಕ್ಕೇ ಮಾರಾಟವಾಗುವ ಖಾತರಿಯಿಲ್ಲ. ಲಿಮಿಟ್ ಬೆಲೆ ನಮೂದಿಸಿದ ಸ್ಟಾಪ್‌ಲಾಸ್ ಆರ್ಡರ್ ಆಗಿದ್ದರೆ, ಬೆಲೆ ಅದಕ್ಕಿಂತ ಕೆಳಗೆ ಹೋದಮೇಲೆ ಮಾರಾಟವಾಗದೆ ಹಾಗೇ ಉಳಿಯಲೂಬಹುದು. ಸಣ್ಣ ಕಂಪನಿಗಳ ಷೇರು ಲೋವರ್ ಸರ್ಕ್ಯೂಟ್ ಎಂಬ ದಿನದ ಗರಿಷ್ಠ ಇಳಿಕೆಯ ಮಿತಿ ಮುಟ್ಟಿದರೆ ಕೊಳ್ಳುವವರೇ ಇರುವುದಿಲ್ಲ.

ಇಂಥ ನಷ್ಟ ನಿಯಮ ಮುರಿದದ್ದೂ ಅಲ್ಲ, ಮಾಮೂಲಿನದ್ದೂ ಅಲ್ಲ. ಇದರ ಪಾಠ ಗಾತ್ರಕ್ಕೆ ಸಂಬಂಧಿಸಿದ್ದು: ಒಂದೇ ಷೇರಿನಲ್ಲಿ ಎಷ್ಟು ಹಣವಿರಬಹುದೆಂಬುದಕ್ಕೆ, ಸ್ಟಾಪ್‌ಲಾಸ್ ಇದ್ದರೂ, ಒಂದು ಮಿತಿ ಬೇಕು. 400 ರೂಪಾಯಿಯ ಷೇರಿಗೆ 360ರಲ್ಲಿ ಸ್ಟಾಪ್‌ಲಾಸ್ ಇಟ್ಟು 5,000ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದೆಂದರೆ 125 ಷೇರು ಕೊಳ್ಳಬಹುದು, ಹೂಡಿಕೆ 50,000. ಬಂಡವಾಳದ ಹತ್ತರಲ್ಲೊಂದು ಪಾಲು. ಅದರಲ್ಲಿ ಶೇ 29 ಹೋದರೂ 14,500, ನೋಯುತ್ತದೆ, ಮುಳುಗಿಸುವುದಿಲ್ಲ.

ಆ ಷೇರನ್ನು ಇಳಿದಂತೆಲ್ಲ ಆವರೇಜ್ ಮಾಡುತ್ತ ಹೋದವರ ಪಾಡು ಬೇರೆ. 2020ರ ಮಾರ್ಚ್ 5ರಂದು ಬ್ಯಾಂಕಿನ ಮೇಲೆ ಹಣ ಹಿಂಪಡೆಯುವ ನಿರ್ಬಂಧ ಬಂತು, ಮರುದಿನ ಷೇರು ಅರ್ಧಕ್ಕಿಂತ ಹೆಚ್ಚು ಕುಸಿದು 16 ರೂಪಾಯಿಯ ಹತ್ತಿರ ನಿಂತಿತು.

ಒಂದು ಸೋಲಿಗೆ ಒಂದು ತಿದ್ದುಪಡಿ

ಹಾಗಾದರೆ ನಿಯಮವನ್ನೇ ತಿದ್ದುವುದು ಯಾವಾಗ? ಹತ್ತರಲ್ಲಿ ನಾಲ್ಕು ಸಲ ಗೆಲ್ಲುವ ಪದ್ಧತಿ ಎಂದಿಟ್ಟುಕೊಳ್ಳಿ. 30 ವ್ಯವಹಾರಗಳಲ್ಲಿ 12 ಗೆಲುವು ಸರಾಸರಿ. ಆದರೆ 7 ಬಂದರೂ, 17 ಬಂದರೂ ಅದು ಅದೃಷ್ಟದ ಸಹಜ ಏರಿಳಿತದೊಳಗೇ ಇರುತ್ತದೆ. 100 ವ್ಯವಹಾರಗಳಲ್ಲಿ ಒಮ್ಮೆಯಾದರೂ ಸತತ ಎಂಟು ನಷ್ಟ ಬರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಎಂಟನೆಯ ನಷ್ಟದ ರಾತ್ರಿ ಪದ್ಧತಿ ಕೆಟ್ಟುಹೋಗಿದೆ ಎಂದೇ ಅನಿಸುತ್ತದೆ. ಅದು ಕೆಟ್ಟಿರಲಿ ಬಿಡಲಿ, ಆ ಎಂಟು ನಷ್ಟಗಳಷ್ಟೇ ಅದನ್ನು ಹೇಳಲಾರವು.

ಅಂಥ ಸರಣಿಯಲ್ಲಿ ಉಳಿಯುವುದು ಗಾತ್ರದ ಮೇಲೆ ನಿಂತಿದೆ. ಪ್ರತಿ ಸಲ ಶೇ 1 ಒಡ್ಡಿದವರು ಸತತ ಹತ್ತು ಸೋಲಿನ ನಂತರ ಸುಮಾರು ಶೇ 10 ಕಳೆದುಕೊಂಡಿರುತ್ತಾರೆ. ಶೇ 5 ಒಡ್ಡಿದವರು ಶೇ 40, ಶೇ 10 ಒಡ್ಡಿದವರು ಶೇ 65. ಶೇ 10 ಕಳೆದುಕೊಂಡವರು ಮೊದಲಿನ ಜಾಗಕ್ಕೆ ಬರಲು ಶೇ 11 ಗಳಿಸಿದರೆ ಸಾಕು. ಶೇ 65 ಕಳೆದುಕೊಂಡವರು ಉಳಿದ ಹಣವನ್ನು ಮೂರು ಪಟ್ಟಿನ ಹತ್ತಿರ ಮಾಡಬೇಕು.

ಪ್ರತಿ ಸೋಲಿಗೂ ಒಂದು ತಿದ್ದುಪಡಿ ಮಾಡುವವರು ಬಹಳ ಜನ. 20 ದಿನದ ಗೆರೆಯನ್ನು 25 ಮಾಡುವುದು, ಚುನಾವಣೆ ವಾರ ಬಿಡುವುದು, ಬ್ಯಾಂಕ್ ಷೇರು ಬಿಡುವುದು. ಹತ್ತು ತಿದ್ದುಪಡಿಗಳಾದ ಮೇಲೆ ಹಳೆಯ ಚಾರ್ಟಿನ ಮೇಲೆ ಆ ನಿಯಮ ಅದ್ಭುತವಾಗಿ ಕಾಣುತ್ತದೆ, ಏಕೆಂದರೆ ಹಳೆಯ ನಷ್ಟಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದಾಗಿದೆ. ನಾಳಿನ ನಷ್ಟಗಳು ಬೇರೆ ದಾರಿಯಲ್ಲಿ ಬರುತ್ತವೆ.

ಆದ್ದರಿಂದ ಡೈರಿ ಬರೆಯುವುದು ದಿನವೂ, ನಿಯಮ ತಿದ್ದುವುದು ಅಪರೂಪಕ್ಕೆ. ಯಾಕೆ ಕೊಂಡೆ, ಸ್ಟಾಪ್‌ಲಾಸ್ ಎಲ್ಲಿತ್ತು, ಎಷ್ಟು ಒಡ್ಡಿದ್ದೆ, ನಿಯಮ ಪಾಲಿಸಿದೆನೇ ಎಂಬ ಸಾಲು ಮಾರುವ ಮೊದಲೇ ಬರೆದಿರಬೇಕು. ಫಲ ತಿಳಿದ ಮೇಲೆ ಬರೆದರೆ ನೆನಪು ಫಲಕ್ಕೆ ತಕ್ಕಂತೆ ತಿರುಗುತ್ತದೆ. ಐವತ್ತೋ ನೂರೋ ಸಾಲು ಕೂಡಿದ ಮೇಲೆ ಒಂದು ರಜೆಯ ದಿನ, ಪೇಟೆ ಮುಚ್ಚಿರುವಾಗ, ಕುಳಿತು ನೋಡಬೇಕು. ನಿಯಮ ಪಾಲಿಸಿದ ಸಾಲುಗಳನ್ನಷ್ಟೇ ಕೂಡಿದರೆ ಏನಾಗುತ್ತದೆ, ಮುರಿದವನ್ನು ಕೂಡಿದರೆ ಏನಾಗುತ್ತದೆ ಎಂಬ ಎರಡು ಮೊತ್ತಗಳು ಸಿಗುತ್ತವೆ. ಮೊದಲನೆಯ ಮೊತ್ತ ನಷ್ಟವಾಗಿದ್ದರೆ ನಿಯಮವನ್ನು ಸಂಶಯಿಸಬಹುದು, ಎರಡನೆಯದಾಗಿದ್ದರೆ ತನ್ನ ಕೈಯನ್ನು.

ನಿಲ್ಲಿಸುವ ಗೆರೆ

ಇದೆಲ್ಲ ಕಲಿಯಲು ಫ್ಯೂಚರ್ಸ್ ಅಂಡ್ ಆಪ್ಷನ್ಸ್ (ಎಫ್ ಅಂಡ್ ಒ) ತಕ್ಕ ಜಾಗವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದಾರೆ. ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ, ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಅದೇ ವರ್ಷ ಜುಲೈನಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಷೇರುಗಳನ್ನು ಅಂದೇ ಕೊಂಡು ಅಂದೇ ಮಾರುವ ಇಂಟ್ರಾಡೇ ವ್ಯವಹಾರ ಮಾಡಿದವರಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟದಲ್ಲಿದ್ದರು. ಅಲ್ಪಾವಧಿಯ ಆಪ್ಷನ್‌ಗಳಲ್ಲಿ ಟ್ರೆಂಡ್ ಎಂಬುದು ಕಾಣಿಸಿಕೊಳ್ಳುವ ಮೊದಲೇ ಅವಧಿ ಮುಗಿಯುತ್ತದೆ, ಶುಲ್ಕಗಳು ಮಾತ್ರ ಕೂಡುತ್ತ ಹೋಗುತ್ತವೆ. ಷೇರನ್ನು ಖಾತೆಗೆ ಪಡೆದು ಇಟ್ಟುಕೊಳ್ಳುವ ಡೆಲಿವರಿಯಲ್ಲಿ, ಸ್ವಂತ ಹಣದಲ್ಲಿ, ಕಡಿಮೆ ಷೇರುಗಳಲ್ಲಿ ಕಲಿಯುವವರಿಗೆ ಕನಿಷ್ಠ ಕಲಿಯುವಷ್ಟು ಕಾಲ ಉಳಿಯುವ ಅವಕಾಶವಿದೆ.

ಆ ಸೆಪ್ಟೆಂಬರ್ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಕಿ ಬೇರೆ: ನಷ್ಟ ಮಾಡಿಕೊಂಡವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ, ವರ್ಷದ ಮೇಲೆ ವರ್ಷ ಕಳೆದುಕೊಂಡರೂ ವ್ಯವಹಾರ ಮುಂದುವರಿಸಿದ್ದರು. ಅವರಲ್ಲಿ ಅನೇಕರು ಇನ್ನೂ ಕಲಿಯುತ್ತಿದ್ದೇನೆ ಎಂದೇ ನಂಬಿದ್ದಿರಬಹುದು. ಕಲಿಕೆಗೆ ಎಷ್ಟು ಹಣ, ಎಷ್ಟು ಕಾಲ ಎಂಬುದನ್ನು ಮೊದಲ ದಿನವೇ ಬರೆದಿಟ್ಟು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಬೇಕು. ಬಂಡವಾಳದ ಕಾಲು ಭಾಗವೋ ಮೂರನೆಯ ಒಂದು ಭಾಗವೋ ಹೋದರೆ ನಿಲ್ಲಿಸುತ್ತೇನೆ ಎಂಬ ಗೆರೆಯನ್ನು ನಷ್ಟದ ಮಧ್ಯದಲ್ಲಿ ನಿಂತು ಎಳೆಯಲಾಗುವುದಿಲ್ಲ. ಸಾಲದ ಹಣ, ಮಕ್ಕಳ ಫೀಸಿನ ಹಣ, ಅಪ್ಪ-ಅಮ್ಮನ ಠೇವಣಿ ಇದರೊಳಗೆ ಬರಲೇಕೂಡದು.

ಗೆರೆ ಮುಟ್ಟಿ ನಿಲ್ಲಿಸಿದವರು ಬೇಸರದಲ್ಲಿ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವುದನ್ನೇ ಬಿಟ್ಟುಬಿಡುವುದುಂಟು. ಹಾಗೆ ಮಾಡಬಾರದು. ಡೆಲಿವರಿ ಷೇರುಗಳಲ್ಲಿ ಆದ ಅಲ್ಪಾವಧಿ ಬಂಡವಾಳ ನಷ್ಟವನ್ನು ಗಡುವಿನೊಳಗೆ ರಿಟರ್ನ್ಸ್‌ನಲ್ಲಿ ತೋರಿಸಿದರೆ ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು. ಮುಂದೊಂದು ದಿನ ಮ್ಯೂಚುವಲ್ ಫಂಡ್ ಮಾರಿದಾಗಲೋ, ಊರಿನ ಸೈಟು ಮಾರಿದಾಗಲೋ ಬರುವ ಬಂಡವಾಳ ಲಾಭದಲ್ಲಿ ಆ ನಷ್ಟವನ್ನು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಿದರೆ ಸಾಕು. ಇಂಟ್ರಾಡೇ ನಷ್ಟಕ್ಕೆ ಈ ಅನುಕೂಲವಿಲ್ಲ. ಅದನ್ನು ನಾಲ್ಕು ವರ್ಷ ಮಾತ್ರ, ಅದೇ ಬಗೆಯ ಲಾಭದ ಎದುರಿಗಷ್ಟೇ ಕಳೆಯಬಹುದು.